ತೊಲೆಯ ಆ ಮಗ್ಗಲು

ಸಿಂಧನೂರಿನ ಹೊಸ ಮನೆಗೆ ಬಂದವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಕೂಡಲೇ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ನೋಡದೆ ಏನು ಮಾಡ್ಯಾರು? ಪಡಸಾಲೆಯ ಛತ್ತಿಗೆ ಮೂರು ಕಬ್ಬಿಣದ ತೊಲೆ, ಮೇಲೆ ಗಿಲಾವಿಲ್ಲ, ಸುಣ್ಣವಿಲ್ಲ, ಕರಿ ಬಣ್ಣ ಒಂದನ್ನು ಬಳಿದುಕೊಂಡು ಹಾಗೇ ಅಡ್ಡಡ್ಡ ಮಲಗಿದ್ದವು. ಊರಲ್ಲಿ ನಾಲ್ಕು ಕಾಸು ಕಂಡವರೆಲ್ಲ ಛತ್ತಿಗೆ ಪಿಒಪಿ ಹೊಡೆಸಿ, ಅದರೊಳಗೆ ಬಣ್ಣಬಣ್ಣದ ದೀಪ ಹುದುಗಿಸಿ ಮದುವೆ ಮಂಟಪ ಮಾಡುವ ಕಾಲ ಇದು. ಇವರು ಮಾತ್ರ ಮನೆಯ ಎಲುಬು ತೋರಿಸಿಕೊಂಡು ಕೂತಿದ್ದರು.

ಗೃಹಪ್ರವೇಶದ ದಿನ ಓಣಿಯ ಗ್ಯಾನಮ್ಮ ಹೋಳಿಗೆ ಮುರಿಯುತ್ತ ಕೇಳಿಯೇ ಬಿಟ್ಟಳು. "ಶಿವಕುಮಾರಕ್ಕ, ಇನ್ನೂ ಕೆಲಸ ಉಳದೈತೇನ್ರೀ?"

"ಇಲ್ಲವಾ, ಮುಗದೈತಿ. ಇದು ಈಗಿನ ಫ್ಯಾಶನ್ನಂತ," ಎಂದಳು ಹಿರಿಸೊಸೆ ಶಿವಕುಮಾರಿ, ತುಪ್ಪ ಬಡಿಸುತ್ತ.

"ಉಂಡ ಮನಿ ಜಂತಿ ಎಣಸಬಾರದು ಅಂತಾರ ಹಿರೇರು. ಈ ಮನ್ಯಾಗ ಎಣಸದ ಹೆಂಗ ಉಣಬೇಕವಾ ನಾವು?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕಿರಿಸೊಸೆ ರಾಜಶ್ರೀಯೂ ನಕ್ಕಳು, ಯಾಕೆಂದರೆ ತೊಲೆ ತೆರೆದಿಡುವ ವಿಚಾರ ಅವಳದೇ. ಲಿಂಗಸುಗೂರಿನ ತವರಲ್ಲಿ ಕೂತು ಮೊಬೈಲಿನಲ್ಲಿ ಅಂಥ ಮನೆಗಳನ್ನು ನೋಡಿ ನೋಡಿ ಗಂಡನ ತಲೆ ತಿಂದಿದ್ದಳು. ನಗದೆ ಇದ್ದವಳು ಅತ್ತೆ ಪಂಪಮ್ಮ ಒಬ್ಬಳೇ. ಆಕೆ ಪಡಸಾಲೆಯ ಪಂಕ್ತಿಯಲ್ಲಿ ಕೂರಲೇ ಇಲ್ಲ. ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಗ್ಯಾಸ್ ಸಿಲಿಂಡರಿನ ಪಕ್ಕ ಕೂತು ಉಂಡಳು. ತನ್ನ ಮನೆಯ ಗೃಹಪ್ರವೇಶದ ಊಟ ಹಿಂಗೂ ಉಂಡಾರೇನು ಎಂದು ಶಿವಕುಮಾರಿಗೆ ಕೆಡುಕೆನಿಸಿತು.

ತೊಲೆ ಬಂದದ್ದು ಮಸ್ಕಿಯಿಂದ. ಅಲ್ಲಿ ಮಾವ ಕರಿಬಸಯ್ಯನ ಹಳೆಯ ಮನೆ ಬೀಗ ಹಾಕಿಕೊಂಡು ನಿಂತಿತ್ತು. ಮಾವ ತೀರಿಕೊಂಡ ಮೇಲೆ ಅತ್ತ ಯಾರೂ ಹಾಯ್ದಿರಲಿಲ್ಲ. ಕಿರಿಮಗ ಅನಿಲಕುಮಾರನದು ಹಾರ್ಡ್‌ವೇರ್ ಅಂಗಡಿ. ಕಬ್ಬಿಣ ಕಂಡರೆ ಕೈ ಕಡಿಯುವ ಮನುಷ್ಯ. "ಹಳೇ ಕಾಲದ ಮಾಲು ವೈನಿ, ಈಗಿನ ಕಬ್ಬಿಣದಂಗ ಅಲ್ಲ, ಮೊಮ್ಮಕ್ಕಳ ಕಾಲಕ್ಕೂ ಜಗ್ಗಂಗಿಲ್ಲ" ಎಂದು ಲಾರಿ ತಗೊಂಡು ಹೋಗಿ ಇಳಿಸಿಕೊಂಡು ಬಂದ. ಹಿರಿಮಗ, ಅಂದರೆ ಶಿವಕುಮಾರಿಯ ಗಂಡ ಸಂಗನಬಸವನಿಗೆ ಗೊಬ್ಬರದ ಅಂಗಡಿಯಲ್ಲಿ ಮುಕ್ಕುಂದ, ದಢೇಸುಗೂರಿನ ರೈತರನ್ನು ಸಂಭಾಳಿಸುವುದೇ ಆಗಿತ್ತು. ಹೂಂ ಅಂದು ಸುಮ್ಮನಾದ.

ನಡುವಿನ ತೊಲೆಯ ಹೊಟ್ಟೆಗೆ ಒಂದು ಕೊಂಡಿ ಇತ್ತು. ಹೆಬ್ಬೆರಳು ಗಾತ್ರದ ಕೊಂಡಿ, ಒಳಮೈ ಸವೆದು ನುಣುಪಾಗಿತ್ತು. ರಾಜಶ್ರೀಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಹಿತ್ತಾಳೆಯ ಒಂದು ತೂಗುದೀಪ ತಂದು ಅದಕ್ಕೆ ನೇತು ಹಾಕಿಸಿದಳು.

"ಆ ಕೊಂಡಿಗೆ ಏನೂ ತೂಗ ಹಾಕಬ್ಯಾಡ್ರಿ," ಎಂದಳು ಪಂಪಮ್ಮ, ಬಾಗಿಲ ಮರೆಯಿಂದ.

"ಯಾಕತ್ತಿ? ಛಂದ ಕಾಣಸ್ತೈತಲ್ಲ?"

"ಬ್ಯಾಡಂದ್ರ ಬ್ಯಾಡ." ಅಷ್ಟು ಹೇಳಿ ಆಕೆ ಒಳಗೆ ಹೋದಳು. ಕಾರಣ ಹೇಳದ ಮಾತಿಗೆ ಈ ಕಾಲದಲ್ಲಿ ಯಾರು ಕಿವಿಗೊಡುತ್ತಾರೆ? ದೀಪ ಅಲ್ಲೇ ಉಳಿಯಿತು.

ಸಪ್ಪಳ ಶುರುವಾದದ್ದು ಒಕ್ಕಲು ಬಂದ ವಾರದಲ್ಲೇ. ಹೊತ್ತು ಮುಳುಗಿ ಮಾಳಿಗೆಯ ಮೇಲಿನ ಬಿಸಿಲು ಜಾರಿತೋ ಇಲ್ಲವೋ, ನಡುವಿನ ತೊಲೆ "ಟಣ್" ಎನ್ನುತ್ತಿತ್ತು. ಪಕ್ಕದ ಎರಡು ತೊಲೆ ಮೂಕ. ಇದೊಂದೇ ಮಾತಾಡುತ್ತಿತ್ತು. ಶಿವಕುಮಾರಿ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೇ ಸರಿಯಾಗಿ ಬರುವ ಸದ್ದಿಗೆ ಕಡ್ಡಿ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು.

"ಏನಿಲ್ಲ ವೈನಿ, ಹಗಲೆಲ್ಲ ಕಾದು ಹಿಗ್ಗಿರತೈತಿ, ಹೊತ್ತು ಮುಳುಗಿತಂದ್ರ ಕುಗ್ಗತೈತಿ. ಕಬ್ಬಿಣದ ಗುಣ," ಎಂದ ಅನಿಲ.

"ಉಳದ ಎರಡು ಕಬ್ಬಿಣ ಅಲ್ಲೇನು?"

ಅವನು ಮೊಬೈಲ್ ತೆಗೆದ. ಶಿವಕುಮಾರಿಗೆ ಆ ಸಂಜೆಯಿಂದ ಪಡಸಾಲೆಯಲ್ಲಿ ಒಬ್ಬಳೇ ಕೂತು ಬಟ್ಟೆ ಮಡಿಚುವುದಕ್ಕೂ ಅಂಜಿಕೆಯಾಯಿತು. ನಕ್ಕಾರು ಅಂತ ಯಾರಿಗೂ ಹೇಳಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಹಣೆ ತುಂಬ ವಿಭೂತಿ, ಕೈಯಲ್ಲಿ ವಯರಿನ ಚೀಲ, ಕಂಕುಳಲ್ಲಿ ಸುತ್ತಿದ ಚಾಪೆ. ಚೀಲದೊಳಗಿಂದ ಸಣ್ಣ ಸೀಮೆಎಣ್ಣೆ ಸ್ಟೋವಿನ ತಲೆ ಇಣುಕುತ್ತಿತ್ತು. ಒಳಗೆ ಬಂದವಳೇ ಎಲ್ಲರ ಹಾಗೆ ಕತ್ತೆತ್ತಿದಳು. ಆದರೆ ಎಲ್ಲರ ಹಾಗೆ ಇಳಿಸಲಿಲ್ಲ. ನೋಡುತ್ತಲೇ ನಿಂತಳು.

"ಯಾರ್ರೀ ನೀವು? ಯಾರು ಬೇಕಾಗಿತ್ತು?" ಎಂದಳು ರಾಜಶ್ರೀ ಸೋಫಾದಿಂದ ಏಳದೆ.

"ಈ ತೊಲಿಗೆ ಅರ್ಧ ಮಾಲಕಿ ನಾನು."

ಒಳಗೆ ರೊಟ್ಟಿ ಬಡಿಯುತ್ತಿದ್ದ ಪಂಪಮ್ಮನ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮುದುಕಿಯನ್ನು ನೋಡಿದಳು. ಮುದುಕಿ ಇವಳನ್ನು ನೋಡಿದಳು. ಪಂಪಮ್ಮ ತಿರುಗಿ ಅಡುಗೆಮನೆಗೆ ಹೋದಳು. ಬಂದವಳು ಮಾವನ ತಮ್ಮ ಅಮರಯ್ಯನ ಹೆಂಡತಿ ಶಿವಲಿಂಗಮ್ಮ, ಅತ್ತೆಗೆ ನೆಗೆಣ್ಣಿ ಎಂದು ಶಿವಕುಮಾರಿಗೆ ಆಗ ಹೊಳೆಯಿತು. ಮದುವೆಯಾಗಿ ಬಂದಾಗಿನಿಂದ ಆ ಹೆಸರು ಕೇಳಿದ್ದಳೇ ಹೊರತು ಮುಖ ನೋಡಿದ್ದು ಅದೇ ಮೊದಲು. ಅಣ್ಣತಮ್ಮರು ಪಾಲಾಗಿ, ಅಮರಯ್ಯ ಸತ್ತು, ಆಕೆ ಮುದಗಲ್ಲಿನ ತವರು ಸೇರಿ ಯಾವ ಕಾಲವಾಗಿತ್ತೋ.

ಅನಿಲ ಅಂಗಡಿಯಿಂದ ಓಡಿ ಬಂದ.

"ಚಿಗವ್ವ, ಅದು ನಮ್ಮ ಪಾಲಿನ ತೊಲಿ."

"ಯಾರು ಹೇಳಿದ್ರಪ್ಪ? ಪಾಲಾದಾಗ ನಡುವಿನ ತೊಲಿ ಕೆಳಗ ಗ್ವಾಡಿ ಎತ್ತಿದ್ರು. ಈ ಮಗ್ಗಲು ನಿಮ್ಮಪ್ಪಂದು, ಆ ಮಗ್ಗಲು ನಮ್ಮವರದು. ತೊಲಿ ಇಬ್ಬರದೂ, ಒಬ್ಬರು ಮುಟ್ಟಂಗಿಲ್ಲ ಅಂತ ಪಂಚರು ಹೇಳಿದ್ರು. ನೀ ಗ್ವಾಡಿ ಒಡದು ತೊಲಿ ಇಳಿಸಿದಿ. ನನ್ನ ಪಡಸಾಲಿ ಛತ್ತಿನ ಪರಸಿಕಲ್ಲು ಪೂರಾ ಕೆಳಗ ಬಿದ್ದೈತಿ ಅಂತ ಬಾಜೂಮನಿ ಆದಮ್ಮ ಫೋನ್ ಮಾಡಿದ್ಲು."

"ನಾ ನಿನ್ನ ಕಡೆ ಕಟಗಿ ಕಂಬ ಕೊಟ್ಟು ಬಂದಿದ್ನಲ್ಲಾ!"

"ಗೆದ್ದಲಿಗೆ ಊಟಾತು."

"ಆತು ಬಿಡು, ತಪ್ಪಾಗೇತಿ. ಎಷ್ಟಾಗತೈತಿ ಹೇಳು, ರೊಕ್ಕ ಕೊಡ್ತೀನಿ."

"ರೊಕ್ಕ ತಗೊಂಡು ಮಣ್ಣಿಗೆ ಒಯ್ಯಲೇನು? ನನ್ನ ಮಗ್ಗಲು ಸೀಳಿ ಕೊಡು. ಟಂಟಂ ಗಾಡ್ಯಾಗ ಹಾಕ್ಕೊಂಡು ಹೋಗ್ತೀನಿ."

ಅನಿಲ ನಕ್ಕ. ಆಕೆ ನಗಲಿಲ್ಲ. ಅವನ ನಗು ಅಲ್ಲೇ ಒಣಗಿತು. ಸೀಳುವುದೆಲ್ಲಿ ಬಂತು! ಮಹಡಿಯ ಕೋಣೆಯ ಗೋಡೆ ಅದೇ ತೊಲೆಯ ಮೇಲೆ ಕೂತಿತ್ತು. ತೋರಿಕೆಗೆಂದು ತಂದದ್ದನ್ನು ಗಟ್ಟಿಯಿದೆಯೆಂದು ಭಾರಕ್ಕೂ ಹಚ್ಚಿದ್ದ. ಅದಕ್ಕೆ ಗ್ಯಾಸ್ ಕಟರ್ ಹಿಡಿದರೆ ಮನೆಯೇ ಕೂರುತ್ತಿತ್ತು.

"ಆಗಂಗಿಲ್ಲ ಚಿಗವ್ವ."

"ಹಂಗಾದ್ರ ತೊಲಿ ಎಲ್ಲಿ ಐತೋ ನಾನೂ ಅಲ್ಲೇ," ಎಂದು ಶಿವಲಿಂಗಮ್ಮ ತೊಲೆಯ ಆಚೆ ಮಗ್ಗಲಿಗೆ, ಟಿವಿಗೂ ಸೋಫಾಕ್ಕೂ ನಡುವೆ ಚಾಪೆ ಹಾಸಿ ಕೂತುಬಿಟ್ಟಳು.

ಕೂತವಳು ವಾರವಾದರೂ ಏಳಲಿಲ್ಲ. ಇವರ ಮನೆಯ ಒಂದು ಅಗುಳು ಬಾಯಿಗೆ ಇಡಲಿಲ್ಲ. "ಪಾಲಾದ ಮ್ಯಾಲ ಒಲಿ ಬ್ಯಾರೆ" ಎಂದು ಸ್ಟೋವ್ ಹಚ್ಚಿ, ಪಡಸಾಲೆಯಲ್ಲೇ ಪಟಪಟ ರೊಟ್ಟಿ ಬಡಿದಳು. ಹಸಿಖಾರ, ಬೆಳ್ಳುಳ್ಳಿಯ ಘಾಟು ರಾಜಶ್ರೀಯ ಸೋಫಾದೊಳಗೆ ಸೇರಿತು.

"ಅಕ್ಕ, ನಂಗ ಹುಚ್ಚು ಹಿಡಿಯೂದು ಬಾಕಿ ಐತಿ! ನಮ್ಮ ತವರಿನವರು ಬಂದ್ರ ಎಲ್ಲಿ ಕುಂದ್ರಸ್ಲಿ? ಮುದಿಕಿ ಮಡಿಲಾಗ ಕುಂದ್ರಸ್ಲೇನು?"

"ನಂಗೇನು ಕೇಳ್ತಿ? ತೊಲಿ ಬೇಕಂದಾಕಿ ನೀನು."

"ತೊಲಿ ಬೇಕಂದಿದ್ದೆ, ತೊಲಿ ಜೋಡಿ ಸಣ್ಣತ್ತಿ ಬೇಕಂದಿರಲಿಲ್ಲ!"

ಇಬ್ಬರು ಮುದುಕಿಯರ ನಡುವೆ ಶಿವಕುಮಾರಿ ಟಪಾಲಿನವಳಾದಳು. ಒಬ್ಬರ ಮುಖ ಒಬ್ಬರು ನೋಡರು. ಮಾತೆಲ್ಲ ಇವಳ ಮೂಲಕ.

"ಶಿವಕುಮಾರಿ, ನಿಮ್ಮತ್ತಿಗೆ ಹೇಳವಾ, ಕೊಡ ತಂದು ನನ್ನ ಮಗ್ಗಲಿಗೆ ಇಟ್ಟಾಳ."

"ಆಕಿಗೆ ಹೇಳು, ಕೊಡ ನಂದು, ನೆಲ ನಂದು, ಮನಿ ನಂದು."

"ತೊಲಿ ಯಾರದು ಅಂತ ಕೇಳು."

ಅದಕ್ಕೆ ಪಂಪಮ್ಮ ಸೆರಗು ಸರಿಮಾಡಿಕೊಂಡು ಕೊಡ ಎತ್ತಿ ಒಳಗೊಯ್ಯುತ್ತಿದ್ದಳು.

ಶಿವಲಿಂಗಮ್ಮ ಬಂದ ಮೊದಲ ಸಂಜೆಯ ಮಾತು. ಆಕೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೊತ್ತು ಮುಳುಗಿತು. ತೊಲೆ "ಟಣ್" ಎಂದಿತು. ಮುದುಕಿ ತಲೆ ಎತ್ತಲಿಲ್ಲ, ಬೆಚ್ಚಲಿಲ್ಲ. ಎಡಗೈ ತಾನಾಗಿ ಗಾಳಿಯಲ್ಲಿ ಎದ್ದು, ಇಲ್ಲದ ಹಗ್ಗವೊಂದನ್ನು ಹಿಡಿದು ಹಿಂದೆ ಮುಂದೆ ಎಳೆಯತೊಡಗಿತು. "ಹೂ... ಹೂ... ಎದ್ದಿಯೇನವ್ವಾ? ಇಲ್ಲೇ ಅದೀನಿ, ಮಲಕ್ಕೋ..." ಬಲಗೈ ಮಾತ್ರ ಬೆಳ್ಳುಳ್ಳಿಯ ಬುಟ್ಟಿಯಲ್ಲೇ ಇತ್ತು.

ರಾಜಶ್ರೀ ಅಡುಗೆಮನೆಗೆ ಓಡಿ ಬಂದು ಶಿವಕುಮಾರಿಯ ತೋಳು ಹಿಡಿದಳು. "ಅಕ್ಕ, ಆಕಿಗೆ ತಲಿ ಕೆಟ್ಟೈತಿ."

"ತಲಿ ಕೆಟ್ಟಿಲ್ಲ," ಎಂದಳು ಪಂಪಮ್ಮ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ಆಕೆಗೆ ಅದರ ಪರಿವೆ ಇರಲಿಲ್ಲ. "ಆ ಕೊಂಡಿ ಆಕಿ ಕೂಸಿನ ತೊಟ್ಟಿಲದು."

ರಾಜಶ್ರೀ ಹಿಡಿದ ತೋಳು ಬಿಟ್ಟಳು.

"ನೀಲಮ್ಮ ಅಂತ ಹೆಸರಿಟ್ಟಿದ್ದಳು. ಗುಂಡಗುಂಡಕ ಇತ್ತು ಕೂಸು, ಇನ್ನೂ ಹಲ್ಲು ಮೂಡಿರಲಿಲ್ಲ. ಗ್ವಾಡಿ ಎತ್ತೂ ದಿನ ತೊಟ್ಟಿಲದಾಗ ಮಲಗಿತ್ತು. ಕೂಸು ಏಳಲಿ, ಆಮ್ಯಾಲ ತೊಟ್ಟಿಲ ಬಿಚ್ಚಿಕೋತೀನಿ ಅಂತ ಆಕಿ ಕೈಮುಗದ್ಲು. ಜಗಳದ ಸಿಟ್ಟು, ಗಂಡಸರು ಕಾಯಲಿಲ್ಲ. ಮಲಗಿದ ಕೂಸನ್ನ ತೊಟ್ಟಿಲ ಸುದ್ದಾ ಇಳಿಸಿ ನೆಲಕ್ಕಿಟ್ರು. ಗ್ವಾಡಿ ಎದ್ದು ಕೊಂಡಿನೂ ನುಂಗಿತು. ಅದೇ ತಿಂಗಳು ಕೂಸಿಗೆ ಜ್ವರ ಬಂದು ಹೋಗಿಬಿಟ್ಟಿತು. ಜ್ವರಕ್ಕ ಸತ್ತಿತು ಅಂತ ಊರು ಅಂತಿತ್ತು. ಇಲ್ಲ, ಇಳಿಸಿದ್ದಕ್ಕ ಸತ್ತಿತು ಅಂತ ಆಕಿ."

"ಆಮ್ಯಾಲ?" ಎಂದಳು ಶಿವಕುಮಾರಿ, ಕೇಳಬಾರದಿತ್ತೇನೋ ಎಂದುಕೊಳ್ಳುತ್ತಲೇ.

"ಆಮ್ಯಾಲೇನು? ದಿನಾ ಸಂಜಿಕಿ ಗ್ವಾಡಿ ಆಚಿ ಕಡಿಯಿಂದ ಜೋಗುಳ ಕೇಳಸ್ತಿತ್ತು. ತೊಟ್ಟಿಲಿಲ್ಲ, ಕೂಸಿಲ್ಲ, ಬರೇ ಜೋಗುಳ. ನಾನು ಈಚಿ ಕಡೆ ಕಿವ್ಯಾಗ ಅಳ್ಳಿ ಇಟಕೊಂಡು ಒಲಿ ಊದತಿದ್ದೆ." ಪಂಪಮ್ಮ ಕರಕಾದ ರೊಟ್ಟಿಯನ್ನು ಈಗ ನೋಡಿ, ತೆಗೆದು ಪಕ್ಕಕ್ಕಿಟ್ಟಳು. "ಇದು ನಂಗಿರ್ಲಿ. ನಿಮಗ ಬ್ಯಾರೆ ಹಾಕ್ತೀನಿ."

ಆಮೇಲೆ ಆ ಮನೆಗೆ ಸಂಜೆ ಎಂಬುದೇ ಬೇರೆಯಾಯಿತು. ಹೊತ್ತು ಇಳಿದಂತೆ ಎಲ್ಲರ ಮಾತೂ ಇಳಿಯುತ್ತಿತ್ತು. ಟಿವಿಯ ದನಿ ತಗ್ಗುತ್ತಿತ್ತು. ಸಂಗನಬಸವ ಚಹಾದ ಕಪ್ಪು ಹಿಡಿದು, ಕುಡಿಯದೆ, ಮೇಲೆ ನೋಡುತ್ತಿದ್ದ. ಟಣ್. ಹೂ... ಹೂ... ಆಮೇಲೆ ಚಹಾ ಗಂಟಲಿಗಿಳಿಯುತ್ತಿತ್ತು. ಒಂದು ದಿನ ಆ ಹೊತ್ತಿಗೆ ಶಿವಲಿಂಗಮ್ಮ ಹಿತ್ತಲಲ್ಲಿ ಸೀರೆ ಹಿಂಡುತ್ತಿದ್ದಳು. ತೊಲೆ ಸದ್ದು ಮಾಡಿತು. ಸ್ವಲ್ಪ ತಡೆದು ಮತ್ತೆ ಮಾಡಿತು. ಮತ್ತೂ ಮಾಡಿತು. ಶಿವಕುಮಾರಿ ಹಿತ್ತಲ ಬಾಗಿಲಿಗೆ ಓಡಿ, "ಸಣ್ಣತ್ತಿ, ಲಗೂನ ಬರ್ರಿ, ಎದ್ದಾಳ!" ಎಂದು ಕೂಗಿಬಿಟ್ಟಳು. ಮುದುಕಿ ಒದ್ದೆ ಕೈಯಲ್ಲೇ ಬಂದು ತೂಗಿದ ಮೇಲೆ ತೊಲೆ ತಣ್ಣಗಾಯಿತು. ತನ್ನ ಬಾಯಿಂದ ಎಂಥ ಮಾತು ಬಂತು ಎಂದು ಶಿವಕುಮಾರಿ ಆಮೇಲೆ ಬೆವೆತಳು.

ಇದರ ನಡುವೆ ಅಣ್ಣತಮ್ಮರಲ್ಲಿ ಬೇರೆಯೇ ಬೆಂಕಿ ಹೊಗೆಯಾಡುತ್ತಿತ್ತು. ಮುದುಕಿ ಬಂದದ್ದು ನೆಪ. ತಿಕ್ಕಾಟ ಮೊದಲಿನಿಂದ ಇತ್ತು. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಅದು ಭುಗಿಲೆಂದಿತು.

"ಮನಿ ನಾ ಕಟ್ಟಿಸೀನಿ, ನನ್ನ ಹೆಂಡ್ತಿ ತನ್ನ ಪಡಸಾಲ್ಯಾಗ ಕುಂದ್ರಾಕ ಬರದಂಗಾಗೇತಿ," ಎಂದ ಅನಿಲ.

"ನೀ ಒಬ್ಬಾವ ಕಟ್ಟಿಸಿಯೇನಲೇ? ನಾನೇನು ಮಣ್ಣು ತಿಂತಿದ್ನೇನು? ಮಸ್ಕಿಗೆ ಹೋಗಿ ಮಂದಿ ಛತ್ತು ಕೆಡವಿ ಬಂದಾವ ನೀನು. ನಮ್ಮ ತಲಿಮ್ಯಾಲ ತಂದು ಹಾಕಿದಿ," ಎಂದ ಸಂಗನಬಸವ.

"ಹಂಗಾದ್ರ ಬ್ಯಾರೆ ಆಗೂಣು ಬಿಡು. ನಿನ್ನ ಒಲಿ ನಿಂಗ, ನನ್ನ ಒಲಿ ನಂಗ."

"ಆಗೂಣು! ಇವತ್ತೇ ಆಗೂಣು!"

ಪಂಪಮ್ಮ ಸಾರಿನ ಸೌಟು ಹಿಡಿದು ನಿಂತಿದ್ದಳು. ಯಾರ ತಟ್ಟೆಗೂ ಬಡಿಸಲಿಲ್ಲ. ಶಿವಕುಮಾರಿ ಗಂಡನ ಕಡೆ ನೋಡಿ, "ಸುಮ್ಮನಿರ್ರಿ, ಉಣ್ಣೂ ಹೊತ್ತಿನ್ಯಾಗ" ಎಂದಳು. ಕೇಳುವ ಕಿವಿ ಅಲ್ಲಿರಲಿಲ್ಲ.

ಮಾತಿಗೆ ಬಂದದ್ದು ಕೆಲಸಕ್ಕೂ ಬಂತು. ಅಮಾವಾಸ್ಯೆ ಕಳೆದ ಮರುದಿನ ಅನಿಲ ಪ್ಲೈವುಡ್ ಕೆಲಸದ ಆಂಜನೇಯನನ್ನು ಕರೆತಂದ. ಪಡಸಾಲೆಯನ್ನು ಎರಡು ಮಾಡುವುದು, ಆಚೆ ಕಡೆ ರಾಜಶ್ರೀಗೆ ಬೇರೆ ಅಡುಗೆಕಟ್ಟೆ. ಆಂಜನೇಯ ಛತ್ತು ನೋಡಿ, "ನಡುವಿನ ತೊಲಿ ಕೆಳಗ ಹಿಡದ್ರ ಸರಳ ಆಗತೈತ್ರಿ ಸಾವಕಾರ್ರ" ಎಂದ. ಪಾಪ, ಅವನಿಗೇನು ಗೊತ್ತು! ನೀಲಿ ಪುಡಿ ಮೆತ್ತಿದ ದಾರವನ್ನು ಈ ಗೋಡೆಯಿಂದ ಆ ಗೋಡೆಗೆ ಬಿಗಿದು ಚಟ್ಟನೆ ಹೊಡೆದ. ಗೆರೆ ನೆಲದ ಮೇಲೆ ಮೂಡಿ, ಶಿವಲಿಂಗಮ್ಮನ ಚಾಪೆಯ ಅಂಚನ್ನು ದಾಟಿಕೊಂಡು ಹೋಯಿತು.

ಮುದುಕಿ ಗೆರೆ ನೋಡಿದಳು. ಮೇಲೆ ಕೊಂಡಿ ನೋಡಿದಳು. "ಇಲ್ಲೂನಾ?" ಎಂದಳು.

ಆಕೆ ಮೊಣಕಾಲಿಗೆ ಕೈಕೊಟ್ಟು ಎದ್ದು, ತೂಗುದೀಪದ ಕೆಳಗೆ ನಿಂತು, ಎರಡೂ ಕೈ ಮೇಲಕ್ಕೆ ಚಾಚಿದಳು. ದೀಪ ಆಕೆಯ ಕೈಗೆ ಎಟುಕಲಿಲ್ಲ.

"ತಡೀರಪ್ಪಾ, ನಿಮಗ ಕೈಮುಗೀತೀನಿ. ಆಕಿನ್ನ ಇಳಿಸ್ಕೊಡ್ರಿ ಮೊದಲ. ಈ ಸಲ ನಾನೇ ಎಬ್ಬಿಸಿ ಇಳಿಸ್ಕೋತೀನಿ. ಮಲಗಿದ್ದಾಗ ಇಳಿಸಬ್ಯಾಡ್ರಿ."

ಆಂಜನೇಯ ದಾರ ಕೈಬಿಟ್ಟ. ರಾಜಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಅಡುಗೆಮನೆಯಿಂದ ಪಂಪಮ್ಮ ಬಂದಳು, ಕೈಯಲ್ಲಿ ಒಲೆ ಒರೆಸುವ ಒದ್ದೆ ಅರಿವೆ. ಮನೆ ಕಟ್ಟಿದಾಗಿನಿಂದ ಆ ತೊಲೆಯ ಕೆಳಗೆ ಎಂದೂ ಕೂರದವಳು ನೇರ ಅಲ್ಲಿಗೇ ಬಂದು, ನೆಲಕ್ಕೆ ಕೂತು, ಆ ಗೋಡೆಯಿಂದ ಈ ಗೋಡೆಯ ತನಕ ತೆವಳುತ್ತ ಗೆರೆ ಒರೆಸಿದಳು. ಶಿವಕುಮಾರಿ ಅರಿವೆ ಇಸಿದುಕೊಳ್ಳಲು ಹೋದರೆ ಕೈ ಕೊಡವಿದಳು. ಒರೆಸಿ ಮುಗಿಸಿ, ತೊಲೆಯ ನಟ್ಟನಡುವೆ ಕೂತಳು. ಒಂದು ಮೊಣಕಾಲು ಈ ಮಗ್ಗಲಿಗೆ, ಒಂದು ಆ ಮಗ್ಗಲಿಗೆ.

"ಗ್ವಾಡಿ ಎತ್ತೂದಿದ್ರ ನನ್ನ ಮ್ಯಾಲ ಎತ್ರಿ. ನಿಮ್ಮಪ್ಪನ ಕಾಲಕ್ಕ ನಾ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಈಗ ನಿಂದ್ರಂಗಿಲ್ಲ."

"ಯವ್ವಾ, ಹಂಗಲ್ಲ..." ಎಂದ ಅನಿಲ.

"ಹೆಂಗೂ ಅಲ್ಲ. ಆಂಜನೇಯ, ನೀ ಚಹಾ ಕುಡದು ನಡಿಯಪ್ಪ." ಆಮೇಲೆ ಪಂಪಮ್ಮ ತಲೆಯೆತ್ತಿ ನೆಗೆಣ್ಣಿಯ ಮುಖ ನೋಡಿದಳು. ಎಷ್ಟೋ ವರ್ಷದ ಮೇಲೆ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ಮಾತಾಡಿದಳು. "ಶಿವಲಿಂಗೀ, ಕೈ ಇಳಿಸು. ಯಾರೂ ಇಳಿಸಂಗಿಲ್ಲ ಆಕಿನ್ನ. ಕುಂದ್ರು, ಉಣ್ಣು."

"ಪಾಲಾದ ಮ್ಯಾಲ ನಿಮ್ಮ ಒಲಿ..."

"ಪಾಲಾದವರು ಗಂಡಸರು. ಇಬ್ಬರೂ ಮಣ್ಣಾಗ ಹೋಗ್ಯಾರ. ನೀ ಉಣ್ಣು."

ಶಿವಕುಮಾರಿ ಒಂದೇ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು ತಂದಿಟ್ಟಳು. ಬೇರೆ ತಾಟು ತರಲು ಆಕೆಗೆ ಮನಸ್ಸಾಗಲಿಲ್ಲ. ಮುದುಕಿಯರಿಬ್ಬರೂ ತಲೆ ತಗ್ಗಿಸಿ, ಒಂದೇ ತಾಟಿನಲ್ಲಿ ಉಂಡರು. ಶಿವಲಿಂಗಮ್ಮನ ಕಣ್ಣೀರು ಪಲ್ಯಕ್ಕೆ ಬೀಳುತ್ತಿತ್ತು, ಪಂಪಮ್ಮ ಆ ಪಲ್ಯವನ್ನೇ ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದಳು. ಸಂಗನಬಸವ ತಮ್ಮನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದ.

ಮುಂದಿನ ವಾರ ಶಿವಲಿಂಗಮ್ಮ ಚಾಪೆ ಸುತ್ತಿದಳು. ಇರು ಎಂದು ಎಲ್ಲರೂ ಅಂದರು, ರಾಜಶ್ರೀ ಎಲ್ಲರಿಗಿಂತ ಜೋರಾಗಿ ಅಂದಳು. ಮಸ್ಕಿಯ ಪಡಸಾಲೆಯನ್ನು ಮೊದಲಿನಂತೆ ನಿಲ್ಲಿಸಿಕೊಡುತ್ತೇನೆ ಎಂದು ಅನಿಲ ಕಾಲು ಮುಟ್ಟಿದ.

"ನಿಲ್ಲಸು, ಬ್ಯಾಡನ್ನಂಗಿಲ್ಲ. ಸೀಳಿ ಕೊಡೂದು ಮಾತ್ರ ಬ್ಯಾಡ ಬಿಡು," ಎಂದಳು ಮುದುಕಿ. "ಅಲ್ಲಿ ಗ್ವಾಡ್ಯಾಗ ಉಸರು ಕಟ್ಟಿತ್ತು ಆಕಿಗೆ. ಇಲ್ಲಿ ಗಾಳಿ ಆಡತೈತಿ, ಮಂದಿ ಮಾತು ಕೇಳಸತೈತಿ. ಹೊಂದಿಕೊಂಡಾಳ. ಇರಲಿ. ತೊಲಿ ಕೆಳಗ ಗ್ವಾಡಿ ಒಂದು ಎತ್ತಬ್ಯಾಡ್ರಿ. ಸಂಜಿಕಿ ಎದ್ದಾಗ ಯಾರರೆ ಒಮ್ಮೆ ತೂಗ್ರಿ. ಮತ್ತೇನು ಕೇಳೂದಿಲ್ಲ."

ಸಂಗನಬಸವ ಆಕೆಯನ್ನು ಲಿಂಗಸುಗೂರಿನ ಬಸ್ಸಿಗೆ ಹತ್ತಿಸಿ ಬಂದ. ಅಲ್ಲಿಂದ ಮುದಗಲ್ಲಿಗೆ ಬೇರೆ ಬಸ್ಸು. ಟಿವಿಗೂ ಸೋಫಾಕ್ಕೂ ನಡುವಿನ ಜಾಗ ಖಾಲಿಯಾಯಿತು. ಯಾರೂ ಅದನ್ನು ತುಳಿಯಲಿಲ್ಲ, ಸುತ್ತು ಹಾಕಿಯೇ ಓಡಾಡಿದರು.

ಆ ಸಂಜೆ ಎಲ್ಲರೂ ಪಡಸಾಲೆಯಲ್ಲೇ ಇದ್ದರು. ಯಾರೂ ಹೇಳಿ ಕರೆದದ್ದಲ್ಲ. ಶಿವಕುಮಾರಿ ದೇವರ ದೀಪಕ್ಕೆ ಕಡ್ಡಿ ಗೀರಿದಳು. ಮಾಳಿಗೆಯ ಬಿಸಿಲು ಜಾರಿತು.

ಟಣ್.

ಅನಿಲ ನೆಲ ನೋಡಿದ. ಸಂಗನಬಸವನ ಕೈಯ ಕಪ್ಪು ಅಲ್ಲೇ ನಿಂತಿತು. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಮತ್ತೆ ಸದ್ದಾಯಿತು, ಮೊದಲಿಗಿಂತ ಸಣ್ಣಗೆ. ಶಿವಕುಮಾರಿ ಕಡ್ಡಿ ಆರಿಸಿ ಏಳಬೇಕು ಅನ್ನುವುದರೊಳಗೆ ರಾಜಶ್ರೀ ಮೊಬೈಲ್ ಬೋರಲು ಹಾಕಿ ಎದ್ದಳು. ಒಂದು ಕುರ್ಚಿ ಎಳೆದು ಹತ್ತಿ, ತೂಗುದೀಪದ ಹಿತ್ತಾಳೆಯ ಅಂಚಿಗೆ ಬೆರಳು ತಾಗಿಸಿ ಮೆಲ್ಲಗೆ ನೂಕಿದಳು. ಬೆಳಕು ಗೋಡೆಯಿಂದ ಗೋಡೆಗೆ ಹೋಗಿ ಬಂತು. ಅವಳಿಗೆ ಜೋಗುಳ ಬರುತ್ತಿರಲಿಲ್ಲ. "ಹೂ... ಹೂ..." ಎಂದಳು, ಅಷ್ಟೇ. ಮತ್ತೊಮ್ಮೆ ನೂಕಿದಳು.

ತೊಲೆ ಸುಮ್ಮನಾಯಿತು.

"ಮಲಗಿದ್ಲೇನವಾ?" ಎಂದು ಅಡುಗೆಮನೆಯಿಂದ ಪಂಪಮ್ಮ ಕೇಳಿದಳು.

"ಮಲಗಿದ್ಲತ್ತಿ," ಎಂದಳು ರಾಜಶ್ರೀ, ದನಿ ತಗ್ಗಿಸಿ.